ತಬ್ಬಲಿ ಬೆಕ್ಕಿನ ಮರಿಗೆ ಮೊದಲು ಕಾವು, ಆಮೇಲೆ ಹಾಲು

ಸೌದೆ ರಾಶಿಯ ಸಂದಿಯಲ್ಲೋ, ಅಟ್ಟದ ಮೇಲಿನ ಹಳೆಯ ಗೋಣಿಚೀಲದ ಮರೆಯಲ್ಲೋ, ಅಪಾರ್ಟ್‌ಮೆಂಟಿನ ಜನರೇಟರ್ ಕೋಣೆಯ ಮೂಲೆಯಲ್ಲೋ ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿ ಕೀರಲು ದನಿಯಲ್ಲಿ ಕೂಗುತ್ತಿರುತ್ತದೆ. ಕೇಳಿದವರ ಕರುಳು ಚುರುಕ್ ಎನ್ನುತ್ತದೆ. ತಕ್ಷಣ ಒಳಗಿನಿಂದ ಹಸುವಿನ ಹಾಲು ಬರುತ್ತದೆ, ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಕೂಸಿಗೆ ಕುಡಿಸುವಂತೆ ಒಳಲೆಯಿಂದ ಬಾಯಿಗೆ ಬಿಡುವುದೂ ಆಗುತ್ತದೆ. ಪ್ರೀತಿಯಿಂದ ಮಾಡಿದ ಈ ಉಪಚಾರದಿಂದಲೇ ಎಷ್ಟೋ ಮರಿಗಳು ಸಾಯುತ್ತವೆ. ಹುಟ್ಟಿ ವಾರ ತುಂಬದ ಮರಿಯನ್ನು ಹಸಿವಿಗಿಂತ ಬೇಗ ಕೊಲ್ಲುವುದು ಚಳಿ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಜೀರ್ಣವಾಗದೆ ಉಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ.

ತಾಯಿ ನಿಜವಾಗಿಯೂ ಇಲ್ಲವೇ?

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಏಳು ಎಂಬ ಲೆಕ್ಕ ಹೇಗೇ ಇರಲಿ, ಜಾಗ ಬದಲಿಸುವುದು ನಿಜ. ಒಂದೊಂದೇ ಮರಿಯನ್ನು ಕತ್ತಿನ ಹಿಂಭಾಗದಲ್ಲಿ ಕಚ್ಚಿ ಸಾಗಿಸುವಾಗ ಕೊನೆಯದು ಸ್ವಲ್ಪ ಹೊತ್ತು ಒಂಟಿಯಾಗಿ ಉಳಿಯುತ್ತದೆ. ನಿಮಗೆ ಸಿಕ್ಕಿದ್ದು ಆ ಕೊನೆಯ ಮರಿಯೇ ಇರಬಹುದು. ಮರಿ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಸುಮ್ಮನೆ ನಿದ್ದೆ ಮಾಡುತ್ತಿದ್ದರೆ ತಾಯಿ ಹತ್ತಿರದಲ್ಲೇ ಎಲ್ಲೋ ಇದೆ. ದೂರ ಸರಿದು ಕೆಲವು ಗಂಟೆ ಕಾಯಿರಿ. ನೀವು ಎದುರಿಗೇ ನಿಂತಿದ್ದರೆ ಅದು ಬರುವುದಿಲ್ಲ. ಗೂಡಿನ ಸುತ್ತ ತೆಳ್ಳಗೆ ಅಕ್ಕಿ ಹಿಟ್ಟು ಉದುರಿಸಿ ಹೋದರೆ, ತಾಯಿ ಬಂದುಹೋಗಿದ್ದು ಹೆಜ್ಜೆ ಗುರುತಿನಿಂದ ತಿಳಿಯುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಯಲ್ಲಿ ಹುರುಳಿಲ್ಲ.

ಮರಿ ತಣ್ಣಗಿದ್ದರೆ, ಇರುವೆ ಮುತ್ತಿದ್ದರೆ, ಮಳೆಯಲ್ಲಿ ನೆನೆಯುತ್ತಿದ್ದರೆ, ನಾಯಿಗಳ ಕಾಟವಿದ್ದರೆ ಅಥವಾ ತಾಯಿ ಸತ್ತಿದ್ದು ಗೊತ್ತಿದ್ದರೆ ಕಾಯುವ ಮಾತೇ ಇಲ್ಲ, ಎತ್ತಿಕೊಳ್ಳಿ. ಜೊತೆಗೆ ಅಕ್ಕಪಕ್ಕದ ಮನೆಗಳಲ್ಲಿ ಈಚೆಗೆ ಮರಿ ಹಾಕಿದ ಬೆಕ್ಕು ಇದೆಯೇ ಎಂದು ವಿಚಾರಿಸಿ. ಹಾಲೂಡುವ ಬೆಕ್ಕುಗಳಲ್ಲಿ ಹಲವು, ಬೇರೆಯ ಮರಿಯನ್ನೂ ತಮ್ಮದರ ಜೊತೆ ಸೇರಿಸಿಕೊಳ್ಳುತ್ತವೆ. ಅಂಥ ಸಾಕುತಾಯಿ ಸಿಕ್ಕರೆ ನಾವು ಮಾಡುವ ಯಾವ ಆರೈಕೆಯೂ ಅದಕ್ಕೆ ಸಮವಲ್ಲ.

ಕಾವು ಕೊಡುವುದು

ನವಜಾತ ಮರಿಗೆ ಚಳಿಯಲ್ಲಿ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಕಿರುಬೆರಳಿನ ತುದಿಯನ್ನು ಅದರ ಬಾಯೊಳಗೆ ಮೆಲ್ಲಗೆ ಇಟ್ಟು ನೋಡಿ. ಬಾಯಿ ತಣ್ಣಗಿದ್ದು, ಬೆರಳನ್ನು ಚೀಪಲು ಯತ್ನಿಸದಿದ್ದರೆ ಆ ಮರಿಗೆ ಹಾಲು ಕೂಡದು. ಒದ್ದೆಯಾಗಿದ್ದರೆ ಒಣಬಟ್ಟೆಯಿಂದ ಒರೆಸಿ, ನಿಮ್ಮ ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳಿ. ಅವಸರ ಮಾಡಿ ಬೆಂಕಿಯ ಹತ್ತಿರ ಹಿಡಿಯುವುದು, ಬಿಸಿನೀರಿನಲ್ಲಿ ಅದ್ದುವುದು ಬೇಡ. ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗಾಗಬೇಕು.

ಅಷ್ಟರಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ಸಿದ್ಧಮಾಡಿ. ಒಳಗೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯ ಮಡಿಕೆ ಇರಲಿ. ಟರ್ಕಿ ಟವೆಲಿನ ನೂಲಿನ ಕುಣಿಕೆಗೆ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ, ಅದು ಬೇಡ. ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದೇ ಬದಿಯಲ್ಲಿ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ತೆವಳಲು ಜಾಗ ಇರಲೇಬೇಕು. ಮೊದಲ ವಾರ ಪೆಟ್ಟಿಗೆಯೊಳಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ನಂಬಿ ಕೂರುವಂತಿಲ್ಲವಾದ್ದರಿಂದ ಹೀಟಿಂಗ್ ಪ್ಯಾಡಿಗಿಂತ ಬಾಟಲಿಯೇ ವಾಸಿ. ಆದರೆ ಆರಿದ ಬಾಟಲಿಯನ್ನು ಅಲ್ಲೇ ಬಿಟ್ಟರೆ ಅದು ಮರಿಯ ಮೈಬಿಸಿಯನ್ನೇ ಹೀರುತ್ತದೆ. ಪ್ರತಿ ಸಲ ಹಾಲು ಕುಡಿಸುವಾಗ ಬಾಟಲಿಯ ನೀರನ್ನೂ ಬದಲಿಸಿಬಿಡಿ.

ಬೆಚ್ಚಗಾದ ಮೇಲೂ ಮರಿ ಸೋತು ಬಿದ್ದಿದ್ದರೆ ಗ್ಲೂಕೋಸ್ ಪುಡಿ ಕದಡಿದ ನೀರನ್ನು ಒಂದೆರಡು ಹನಿ ವಸಡಿಗೆ ಸವರಿ, ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ.

ಯಾವ ಹಾಲು, ಎಷ್ಟು?

ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನಲ್ಲಿರುವುದರ ಇಮ್ಮಡಿಗೂ ಹೆಚ್ಚು. ಹಸುವಿನ ಹಾಲು ಮರಿಗೆ ಸಾಲುವುದಿಲ್ಲ, ಭೇದಿಯನ್ನೂ ತರುತ್ತದೆ. ನೂರು ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಭೇದಿಯೂ ದೊಡ್ಡ ಹೊಡೆತ. ನೀರು ಬೆರೆಸಿದರೆ ಪೋಷಣೆ ಇನ್ನೂ ಕಡಿಮೆಯಾಗುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ, ಅಂದರೆ ಕಿಟನ್ ಮಿಲ್ಕ್ ರಿಪ್ಲೇಸರ್, ಸಿಗುತ್ತದೆ. ಸಣ್ಣ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ಅದು ಕೈಸೇರುವವರೆಗೆ ಒಂದೆರಡು ದಿನದ ಮಟ್ಟಿಗೆ ಮೇಕೆ ಹಾಲಿನಿಂದ ನಿಭಾಯಿಸಬಹುದು, ಅದಕ್ಕಿಂತ ಹೆಚ್ಚಲ್ಲ.

ಹಾಲು ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟರೆ ಉಗುರುಬೆಚ್ಚಗೆ ಅನ್ನಿಸಬೇಕು. ನೂರು ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಮಿಲಿಲೀಟರ್ ಬೇಕು. ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ ಎರಡೂವರೆ ಮಿಲಿಲೀಟರ್. ಹೊಟ್ಟೆ ಹಿಡಿಯುವುದೇ ನೂರು ಗ್ರಾಮಿಗೆ ನಾಲ್ಕು ಮಿಲಿಲೀಟರಿನಷ್ಟು, ಆದ್ದರಿಂದ ಒತ್ತಾಯ ಮಾಡಿ ತುಂಬಬಾರದು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕುಡಿಸಬೇಕು. ಮನೆಯಲ್ಲಿ ಇಬ್ಬರು ಪಾಳಿ ಹಾಕಿಕೊಳ್ಳದಿದ್ದರೆ ಇದು ಕಷ್ಟದ ಕೆಲಸ. ಮೂರನೆಯ ವಾರದ ಹೊತ್ತಿಗೆ ನಾಲ್ಕು ಗಂಟೆಗೊಮ್ಮೆ ಸಾಕು.

ಔಷಧದ ಅಂಗಡಿಯ ಸಣ್ಣ ಸಿರಿಂಜ್ ತಂದು ಸೂಜಿ ತೆಗೆದುಬಿಡಿ. ಮರಿಯನ್ನು ಬಟ್ಟೆಯ ಮೇಲೆ ಬೋರಲು ಕೂರಿಸಿ, ತಾಯಿಯ ಕೆಚ್ಚಲಿನ ಬಳಿ ಹೇಗೆ ಮಲಗಿರುತ್ತದೋ ಹಾಗೆ ನಾಲ್ಕೂ ಕಾಲು ಕೆಳಗಿದ್ದು ತಲೆ ಚೂರು ಮೇಲೆತ್ತಿರಬೇಕು. ಬಾಯಿಯ ಬದಿಯಿಂದ ಸಿರಿಂಜಿನ ತುದಿ ಸೇರಿಸಿ, ಒಂದು ಹನಿ ಬಿಟ್ಟು ಅದು ನುಂಗುವವರೆಗೆ ಕಾದು, ಮತ್ತೊಂದು ಹನಿ ಬಿಡಿ. ಸರಿಯಾಗಿ ಕುಡಿಯುತ್ತಿರುವ ಮರಿಯ ಕಿವಿಗಳು ಪ್ರತಿ ಗುಟುಕಿಗೂ ಸಣ್ಣಗೆ ಅಲುಗುತ್ತವೆ, ಮುಂಗಾಲುಗಳು ಗಾಳಿಯಲ್ಲೇ ಒತ್ತತೊಡಗುತ್ತವೆ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಮುಖವಾಗಿಸಿ ಮೂಗು ಒರೆಸಿ. ಆಮೇಲೆ ಉಸಿರಾಟದಲ್ಲಿ ಗೊರಗೊರ ಸದ್ದು ಕೇಳಿದರೆ ವೈದ್ಯರಿಗೆ ತೋರಿಸಲೇಬೇಕು. ಕುಡಿದು ಮುಗಿಸಿದಾಗ ಬೆನ್ನು ಮೆಲ್ಲಗೆ ತಟ್ಟಿ ತೇಗು ಬರಿಸಿ. ಮಿಕ್ಕ ಹಾಲನ್ನು ಚೆಲ್ಲಿ, ಸಿರಿಂಜನ್ನು ತೊಳೆದು ಬಿಸಿನೀರಿನಲ್ಲಿ ಅದ್ದಿಡಿ.

ಹಲವರು ಮರೆಯುವ ಕೆಲಸ

ಮರಿಗೆ ಮೊದಲ ಮೂರು ವಾರ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಆ ಕೆಲಸ ಈಗ ನಿಮ್ಮದು. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಹಗುರವಾಗಿ ಸವರುತ್ತಿರಿ. ಅರ್ಧ ನಿಮಿಷದೊಳಗೆ ಹತ್ತಿ ತಿಳಿಹಳದಿಯಾಗುತ್ತದೆ. ಮಲ ಪ್ರತಿ ಸಲ ಬರಬೇಕೆಂದಿಲ್ಲ, ದಿನಕ್ಕೊಮ್ಮೆ ಸಾಸಿವೆ ಬಣ್ಣದ ಮೆತ್ತನೆಯ ಮಲ ಬಂದರೆ ಸರಿ. ಉಚ್ಚೆ ಗಾಢ ಬಣ್ಣಕ್ಕೆ ತಿರುಗಿದರೆ ದ್ರವ ಸಾಲುತ್ತಿಲ್ಲ ಎಂದು ಅರ್ಥ. ಒರೆಸಿದ ಜಾಗವನ್ನು ಒಣಗಿಸಿಯೇ ಮಲಗಿಸಿ, ಇಲ್ಲವಾದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ.

ತೂಕ ಸುಳ್ಳು ಹೇಳುವುದಿಲ್ಲ

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ದಿನವೂ ಒಂದೇ ಹೊತ್ತಿಗೆ ತೂಗಿ, ಬರೆದಿಡಿ. ಹುಟ್ಟಿದಾಗ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ನೋಡಲು ಚೆನ್ನಾಗಿರುವ ಮರಿಯೂ ಒಂದು ದಿನ ತೂಕ ಏರದೆ ನಿಂತರೆ ಎಚ್ಚರ ವಹಿಸಿ. ಇಳಿದರೆ ಮರುದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಉಳಿದೆಡೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲೇ ಕೇಳಿ.

ಚಿಗಟ ಮುತ್ತಿದ ಮರಿ ರಕ್ತಹೀನತೆಯಿಂದ ಸಾಯಬಹುದು. ಹಾಗೆಂದು ನಾಯಿಯ ಚಿಗಟದ ಪುಡಿಯನ್ನು ಮುಟ್ಟಲೇಬೇಡಿ. ಅಂಥವುಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಿಂದ ಬಾಚಿ, ಚಿಗಟಗಳನ್ನು ಸೋಪುನೀರಿಗೆ ಹಾಕಿ. ಎರಡು ವಾರವಾದಾಗ ಜಂತುಹುಳುವಿನ ಔಷಧ ಶುರು, ಅದರ ಪ್ರಮಾಣವನ್ನು ವೈದ್ಯರು ತೂಕ ನೋಡಿ ಹೇಳುತ್ತಾರೆ.

ಮುಂದಿನ ವಾರಗಳು

ಏಳರಿಂದ ಹದಿನಾಲ್ಕು ದಿನಗಳ ನಡುವೆ ಕಣ್ಣು ತೆರೆಯುತ್ತದೆ. ರೆಪ್ಪೆಗಳನ್ನು ಕೈಯಿಂದ ಬಿಡಿಸಬೇಡಿ, ಕೀವು ಕಂಡರೆ ಮಾತ್ರ ವೈದ್ಯರಿಗೆ ತೋರಿಸಿ. ಮೂರನೆಯ ವಾರ ತೂರಾಡುತ್ತಾ ನಡೆಯುತ್ತದೆ, ಮುಂಬಲ್ಲು ಮೂಡುತ್ತವೆ. ತಗ್ಗಿನ ತಟ್ಟೆಯಲ್ಲಿ ಹರಿದ ಕಾಗದವನ್ನೋ ಮರಳನ್ನೋ ಹಾಕಿಟ್ಟರೆ ಶೌಚದ ಅಭ್ಯಾಸ ತಾನಾಗಿ ಬರುತ್ತದೆ. ನಾಲ್ಕನೆಯ ವಾರ ಮರಿಗಳ ಆಹಾರವನ್ನು ಹಾಲಿನಲ್ಲಿ ಗಂಜಿಯಂತೆ ಕಲಸಿ ನೆಕ್ಕಿಸಿ. ಮುಖಕ್ಕೆಲ್ಲ ಮೆತ್ತಿಕೊಳ್ಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಮೊದಲ ಲಸಿಕೆ ಆರರಿಂದ ಎಂಟು ವಾರದಲ್ಲಿ, ರೇಬಿಸ್ ಲಸಿಕೆ ಹನ್ನೆರಡನೆಯ ವಾರದಲ್ಲಿ. ಬೇರೆ ಮನೆಗೆ ಕೊಡುವುದಿದ್ದರೆ ಎಂಟು ವಾರ ತುಂಬಿದ ಮೇಲೆ ಕೊಡಿ, ಅದು ಹೆಣ್ಣಾಗಿದ್ದರೆ ಐದು ತಿಂಗಳೊಳಗೆ ಸಂತಾನಹರಣ ಚಿಕಿತ್ಸೆ ಮಾಡಿಸುವ ಮಾತು ಪಡೆದೇ ಕೊಡಿ.