ಪುಟ್ಟ ರೈಲಿಗೆ ಕಲ್ಲುಕಂಬದ ಬೇಲಿ

ನನ್ನ ಮಾದರಿ ರೈಲು 1:87 ಅಳತೆಯದು, ಅಂದರೆ ಎಲ್ಲವೂ ನಿಜವಾದದ್ದರ 87ನೇ ಒಂದು ಪಾಲು. ಹಳಿ ಪಕ್ಕ ನಮ್ಮೂರಿನಂಥ ಕಲ್ಲುಕಂಬದ ತಂತಿ ಬೇಲಿ ಹಾಕುವ ಆಸೆ. ಬೆಂಕಿಕಡ್ಡಿ ನೆಟ್ಟು ಹೊಲಿಗೆ ದಾರ ಕಟ್ಟಿದೆ. ಎರಡೇ ದಿನಕ್ಕೆ ಜೋತುಬಿತ್ತು. ಹತ್ತಿರದಿಂದ ನೋಡಿದರೆ ದಾರದ ತುಂಬಾ ಜುಂಗು, ತಂತಿ ಅನ್ನಿಸುವುದೇ ಇಲ್ಲ.

ಆಮೇಲೆ ಕೆಟ್ಟ ಚಾರ್ಜರಿನ ವೈರ್ ಸುಲಿದು, ಒಳಗಿನ ಕೂದಲಿನಂಥ ತಾಮ್ರದ ಎಳೆ ತೆಗೆದೆ. ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ನೆಟ್ಟಗಾಗುತ್ತದೆ, ಮತ್ತೆ ಜೋಲುವುದಿಲ್ಲ. ಕಂಬಕ್ಕೆ ಒಂದು ಚುಕ್ಕಿ ಅಂಟು ಸಾಕು.

ಐದಡಿ ಕಂಬ ಇಲ್ಲಿ 17.5 ಮಿ.ಮೀ., ನೆಡಲು 5 ಮಿ.ಮೀ. ಜಾಸ್ತಿ. ಕಡ್ಡಿಯ ಅಂಚನ್ನು ಬ್ಲೇಡಿನಿಂದ ಅಲ್ಲಲ್ಲಿ ಕೆತ್ತಿದೆ. ಕಲ್ಲು ಸೀಳಿದ ಹಾಗೆ ಕಾಣಬೇಕಲ್ವಾ? ಬೂದು ಬಣ್ಣದ ಮೇಲೆ ನೀರಾದ ಕಪ್ಪು ಹರಿಯಬಿಟ್ಟೆ. ಸುಮ್ನೆ ಒಂದೇ ಬಣ್ಣ ಬಳಿದರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಕೊನೆಗೆ ಒಂದು ಕಂಬವನ್ನು ಬೇಕೆಂದೇ ಸ್ವಲ್ಪ ವಾಲಿಸಿದೆ.