612 ಸ್ಕೋರ್‌ನಿಂದ ಹೋಮ್ ಲೋನ್ ತನಕ: ನನ್ನ ಅನುಭವ

2022ರ ಅಕ್ಟೋಬರ್‌ನಲ್ಲಿ ಹದಿನೈದೇ ದಿನದಲ್ಲಿ ಮೂರು ಕಡೆ ನನ್ನ ಹೋಮ್ ಲೋನ್ ಅರ್ಜಿ ರಿಜೆಕ್ಟ್ ಆಯಿತು. ಮೂರೂ ಕಡೆ ಒಂದೇ ಮಾತು, "ಸಿಬಿಲ್ ಕಮ್ಮಿ ಇದೆ ಸರ್." ಸಿಬಿಲ್ ಅಂದರೆ ನಮ್ಮ ಸಾಲ, ಕಂತುಗಳ ಲೆಕ್ಕ ಇಡುವ ಸಂಸ್ಥೆ, ಅದು ಕೊಡುವ ಸ್ಕೋರನ್ನೂ ಜನ ಸಿಬಿಲ್ ಅಂತಲೇ ಕರೆಯುತ್ತಾರೆ. ಯಾಕೆ ಕಮ್ಮಿ ಅಂತ ಯಾರೂ ಹೇಳಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಅರ್ಜಿ ಹಾಕಿಸಿದ ಲೋನ್ ಏಜೆಂಟ್ ನಾಲ್ಕನೇ ಕಡೆ ಟ್ರೈ ಮಾಡೋಣ ಅಂದ. ಬೇಡ ಅಂದೆ. ಆ ದಿನ ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ, ಯಾಕಂದರೆ ಪ್ರತಿ ಅರ್ಜಿಗೂ ಒಂದೊಂದು ಎನ್‌ಕ್ವೈರಿ (ಸಾಲ ಕೇಳಿದ ನಮೂದು) ನಮ್ಮ ಸಾಲದ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ಅದನ್ನು ನೋಡಿದ ಮುಂದಿನ ಬ್ಯಾಂಕು ಇವನಿಗೆ ದುಡ್ಡಿನ ಅವಸರ ಜಾಸ್ತಿ ಇದೆ ಅಂದುಕೊಳ್ಳುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಮೈಸೂರಿನ ಒಂದು ಹೋಟೆಲಿನಲ್ಲಿ ಫ್ರಂಟ್ ಆಫೀಸ್ ಕೆಲಸದಲ್ಲಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್ ಮುಚ್ಚಿತು. ಆ ವರ್ಷ ಆಗಸ್ಟ್ 31ರ ತನಕ ಮೊರಟೋರಿಯಂ, ಅಂದರೆ ಕಂತು ಮುಂದೂಡುವ ಅವಕಾಶ ಇತ್ತು, ಹಾಗಾಗಿ ಕಂತು ಕಟ್ಟದಿದ್ದರೂ ಅದು ಬಾಕಿ ಅಂತ ದಾಖಲಾಗಲಿಲ್ಲ. ಸೆಪ್ಟೆಂಬರ್‌ನಿಂದ ದಾಖಲಾಗಲು ಶುರುವಾಯಿತು. ಮನೆಗೆ ದಿನಸಿ, ಅಮ್ಮನ ಮಾತ್ರೆ, ಎಲ್ಲಾ ಕ್ರೆಡಿಟ್ ಕಾರ್ಡಿನಲ್ಲೇ ನಡೆಯುತ್ತಿತ್ತು. ಬಡ್ಡಿ ಸೇರಿ ಬಾಕಿ 86,000 ಆಯಿತು. 2021ರಲ್ಲಿ ವಸೂಲಿಯವರು ಫೋನ್ ಮಾಡಿ, "40,000 ಕಟ್ಟಿ ಸರ್, ಸೆಟಲ್ ಮಾಡಿಬಿಡೋಣ, ಎಲ್ಲ ಕ್ಲೀನ್ ಆಗುತ್ತೆ" ಅಂದರು. ಚೀಟಿ ಎತ್ತಿ ಕಟ್ಟಿದೆ. ಕ್ಲೀನ್ ಆಯಿತು ಅಂತಲೇ ನಂಬಿದ್ದೆ. ಆಮೇಲೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಸರಿಯಾಗಿ ಬರತೊಡಗಿತು, ಮನೆ ತಗೊಳ್ಳೋಣ ಅನ್ನೋ ಧೈರ್ಯ ಬಂತು.

ರಿಜೆಕ್ಟ್ ಆದ ಮೇಲೆ ರಿಪೋರ್ಟ್ ತೆಗೆಸಿದೆ. ಇದಕ್ಕೆ ದುಡ್ಡು ಬೇಕಾಗಿಲ್ಲ. ನಮ್ಮ ದೇಶದಲ್ಲಿ ಇಂಥ ರಿಪೋರ್ಟ್ ಕೊಡುವ ನಾಲ್ಕು ಸಂಸ್ಥೆಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು, ಅದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮದೇ ರಿಪೋರ್ಟನ್ನು ನಾವು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಎಷ್ಟೋ ಜನ ಇಳಿಯುತ್ತದೆ ಅಂತ ಹೆದರಿ ಸುಮ್ನೆ ಇರುತ್ತಾರೆ. ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ, 750 ದಾಟಿದ್ದರೆ ಬ್ಯಾಂಕಿನವರು ಖುಷಿಯಾಗಿ ಮಾತಾಡುತ್ತಾರೆ. ನನ್ನದು 612 ಇತ್ತು.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ರಾತ್ರಿ ಊಟ ಆದಮೇಲೆ ನಾನೂ ನನ್ನ ಹೆಂಡತಿಯೂ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಪ್ರತಿ ಸಾಲದ ಕೆಳಗೂ ತಿಂಗಳಿಗೊಂದು ಚಿಕ್ಕ ಚೌಕ ಇರುತ್ತದೆ. ಸರಿಯಾಗಿ ಕಟ್ಟಿದ ತಿಂಗಳಲ್ಲಿ 000 ಅಂತ ಇರುತ್ತದೆ. ತಡವಾದರೆ ಎಷ್ಟು ದಿನ ತಡ ಅನ್ನುವುದು ಇರುತ್ತದೆ. ನನ್ನ ಕಾರ್ಡಿನ ಸಾಲಿನಲ್ಲಿ 000, 000, ಆಮೇಲೆ 030, 061, 091, 122. ಆ ತಿಂಗಳುಗಳು ಹೇಗಿದ್ದವು ಅಂತ ನಮ್ಮಿಬ್ಬರಿಗೂ ಚೆನ್ನಾಗಿ ನೆನಪಿತ್ತು. ಕೊನೆಗೆ ಖಾತೆಯ ಸ್ಥಿತಿ ಅನ್ನುವ ಕಡೆ "ಸೆಟಲ್ಡ್" ಅಂತ ಬರೆದಿತ್ತು.

ಇಡೀ ರಿಪೋರ್ಟಿನಲ್ಲಿ ನಮ್ಮನ್ನು ಕಟ್ಟಿಹಾಕಿದ್ದು ಆ ಒಂದು ಪದ. ನಾವು ಸೆಟಲ್ ಅಂದರೆ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಸಾಲ ಕೊಡುವವರು ಅದನ್ನು ಓದುವುದೇ ಬೇರೆ: ಇವನು ಪೂರ್ತಿ ಕಟ್ಟಲಿಲ್ಲ, ನಾವು ಬಿಟ್ಟುಕೊಡಬೇಕಾಯಿತು. ಪೂರ್ತಿ ಕಟ್ಟಿ ಮುಗಿಸಿದ್ದಕ್ಕೆ "ಕ್ಲೋಸ್ಡ್" ಅಂತ ಬರುತ್ತದೆ. ಸ್ಕೋರ್ ಹಿಂದೆ ಓಡಬೇಡಿ, ಮೊದಲು ರಿಪೋರ್ಟ್ ಓದಿ ಅಂತ ನಾನು ಈಗ ಎಲ್ಲರಿಗೂ ಹೇಳುವುದು ಇದಕ್ಕೇ. ಅಂಕಿ ನೋಡಿದರೆ ಹೆದರಿಕೆ ಆಗುತ್ತದೆ ಅಷ್ಟೇ, ಏನು ಮಾಡಬೇಕು ಅನ್ನುವುದು ಸಾಲು ಸಾಲಾಗಿ ಓದಿದಾಗಲೇ ಗೊತ್ತಾಗುವುದು.

ಇನ್ನೂ ಎರಡು ವಿಷಯ ಸಿಕ್ಕವು. ಒಂದು, ನನ್ನದೇ ಅಲ್ಲದ 18,000 ರೂಪಾಯಿಯ ಮೊಬೈಲ್ ಲೋನ್. ಹೆಸರು ನನ್ನದೇ, ವಿಳಾಸ ನಾನು ಕಾಲಿಡದ ಊರಿನದು. ಸಿಬಿಲ್ ಸೈಟಿನಲ್ಲೇ ಡಿಸ್ಪ್ಯೂಟ್, ಅಂದರೆ ಇದು ತಪ್ಪು ಅನ್ನುವ ದೂರು ಹಾಕಿದೆ, ಅದೂ ಉಚಿತ. ಸಾಲ ಕೊಟ್ಟವರು ಒಪ್ಪಿದರೆ ಮಾತ್ರ ತಿದ್ದುಪಡಿ ಆಗುತ್ತದೆ, ಸಿಬಿಲ್‌ನವರು ತಾವಾಗಿ ತೆಗೆಯುವುದಿಲ್ಲ. ಮೂವತ್ತು ದಿನದೊಳಗೆ ಬಗೆಹರಿಸಬೇಕು ಅಂತ ನಿಯಮ ಇದೆ, ನನ್ನದು 26ನೇ ದಿನ ಹೋಯಿತು. 2024ರ ಏಪ್ರಿಲ್‌ನಿಂದ, ಮೂವತ್ತು ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತಲೂ ಆಗಿದೆ. ಅದೇ ತಪ್ಪು ಇನ್ನೊಂದು ಸಂಸ್ಥೆಯ ರಿಪೋರ್ಟಿನಲ್ಲೂ ಇತ್ತು, ಅಲ್ಲೂ ಬೇರೆಯಾಗಿ ಹಾಕಬೇಕಾಯಿತು. ಒಂದೇ ರಿಪೋರ್ಟ್ ನೋಡಿ ಬಿಡಬೇಡಿ.

ಎರಡನೆಯದು ಹೆಂಡತಿಯ ತಮ್ಮನ ಬೈಕ್ ಲೋನ್. ಅದಕ್ಕೆ ನಾನು ಜಾಮೀನು ಹಾಕಿದ್ದೆ, ಮರೆತೂ ಹೋಗಿತ್ತು. ಜಾಮೀನು ಹಾಕಿದ ಸಾಲವೂ ನಮ್ಮ ರಿಪೋರ್ಟಿನಲ್ಲಿ ಬರುತ್ತದೆ, ಅವರು ಕಟ್ಟದಿದ್ದರೆ ಪೆಟ್ಟು ನಮಗೂ ಬೀಳುತ್ತದೆ. ಫೋನ್ ಮಾಡಿದೆ. "ಎರಡೇ ತಿಂಗಳು ಬಾಕಿ ಭಾವ, ಕಟ್ತೀನಿ" ಅಂದ. ನಾಲ್ಕು ತಿಂಗಳು ಬಾಕಿ ಇತ್ತು. ಜಗಳ ಆಡಲಿಲ್ಲ. "ನೋಡಪ್ಪ, ನಿನ್ನ ಅಕ್ಕನ ಮನೆ ಇದರಿಂದ ನಿಂತುಹೋಗಿದೆ" ಅಂದೆ. ಅರ್ಧ ಅವನು, ಅರ್ಧ ನಾನು ಸೇರಿಸಿ ಬಾಕಿ ಕಟ್ಟಿದೆವು. ಆಮೇಲೆ ಸಾಲ ಮುಗಿಯುವ ತನಕ ಪ್ರತಿ ತಿಂಗಳೂ ಕಟ್ಟಿದ ರಸೀದಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದ.

ಸೆಟಲ್ಡ್ ಅನ್ನುವುದನ್ನು ತೆಗೆಸುವುದೇ ಕಷ್ಟದ ಕೆಲಸ. ಬ್ಯಾಂಕಿನ ಬ್ರಾಂಚಿಗೆ ಹೋಗಿ, ಬಿಟ್ಟುಕೊಟ್ಟ 46,000 ಈಗ ಕಟ್ಟುತ್ತೇನೆ, ಖಾತೆಯನ್ನು ಕ್ಲೋಸ್ಡ್ ಮಾಡಿಕೊಡಿ ಅಂದೆ. ಕೌಂಟರಿನಲ್ಲಿದ್ದ ಹುಡುಗಿಗೆ ನಾನು ಏನು ಕೇಳುತ್ತಿದ್ದೇನೆ ಅಂತಲೇ ಅರ್ಥ ಆಗಲಿಲ್ಲ. ಕಾರ್ಡ್ ವಿಭಾಗ ಬೇರೆ ಊರಿನಲ್ಲಿದೆ, ಮೇಲ್ ಮಾಡಿ ಅಂದರು. ಮೂರು ಸಲ ಮೇಲ್ ಮಾಡಿದೆ, ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಆಫೀಸರ್ ವಿಳಾಸಕ್ಕೆ ಹಾಕಿದ ಮೇಲೆ ಫೋನ್ ಬಂತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದುಡ್ಡು ಕಟ್ಟುವ ಮೊದಲೇ, ಇಷ್ಟು ಕಟ್ಟಿದರೆ ಕ್ಲೋಸ್ಡ್ ಅಂತ ಕಳಿಸುತ್ತೇವೆ ಅಂತ ಅವರಿಂದ ಬರಹದಲ್ಲಿ ತೆಗೆದುಕೊಳ್ಳಿ. ನೇರ ಕಾರ್ಡ್ ಖಾತೆಗೇ ಕಟ್ಟಿ, ಯಾವ ಏಜೆಂಟಿನ ಕೈಗೂ ಕೊಡಬೇಡಿ. ಕಟ್ಟಿದ ಮೇಲೆ "ಏನೂ ಬಾಕಿ ಇಲ್ಲ" ಅನ್ನುವ ಪತ್ರ ತಗೊಳ್ಳಿ. ನನ್ನ ಹತ್ತಿರ ಒಟ್ಟಿಗೆ ಅಷ್ಟು ದುಡ್ಡು ಇರಲಿಲ್ಲ, ಬೋನಸ್ ಬರುವ ತನಕ ಕಾದು ಕಟ್ಟಿದೆ. ರಿಪೋರ್ಟಿನಲ್ಲಿ ಬದಲಾಗಲು ಇನ್ನೂ ಎರಡು ತಿಂಗಳು ಹಿಡಿಯಿತು. 2025ರಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಅಷ್ಟು ಕಾಯಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಈ ನಡುವೆ ಐದು ಸಾವಿರ ಕೊಡಿ, ಸಿಬಿಲ್ 750 ಮಾಡಿಕೊಡ್ತೀವಿ ಅಂತ ಇಬ್ಬರು ಫೋನ್ ಮಾಡಿದ್ದರು. ಅವರು ಮಾಡುವುದು ನಾವು ಉಚಿತವಾಗಿ ಹಾಕುವ ಡಿಸ್ಪ್ಯೂಟ್ ಅಷ್ಟೇ. ನಿಜವಾಗಿ ಇರುವ ಬಾಕಿಯನ್ನು ಯಾರಿಂದಲೂ ಅಳಿಸಲು ಆಗುವುದಿಲ್ಲ.

ಕ್ಲೋಸ್ಡ್ ಆದ ತಕ್ಷಣ ಸ್ಕೋರ್ ಜಿಗಿಯಲಿಲ್ಲ. ಹಳೆ 061, 091 ಎಲ್ಲ ಹಾಗೇ ಇದ್ದವು. ಹೊಸದಾಗಿ 000 ಸೇರುತ್ತಾ ಹೋಗಬೇಕು, ಅದಕ್ಕೆ ಏನಾದರೂ ಒಂದು ಸಾಲ ನಡೆಯುತ್ತಿರಬೇಕು. ನನಗೆ ಕಾರ್ಡ್ ಯಾರು ಕೊಡುತ್ತಾರೆ? 25,000 ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದುಕೊಂಡೆ. ಲಿಮಿಟ್ 20,000. ಬೈಕಿನ ಪೆಟ್ರೋಲ್ ಮತ್ತು ಕರೆಂಟ್ ಬಿಲ್ ಮಾತ್ರ ಅದರಲ್ಲಿ, ತಿಂಗಳಿಗೆ ನಾಲ್ಕು ಸಾವಿರ ದಾಟದ ಹಾಗೆ. ಲಿಮಿಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಳಸಬಾರದು ಅಂತ ತಿಳಿದವರು ಹೇಳಿದ್ದರು. ಬಿಲ್ ಬಂದ ದಿನವೇ ಪೂರ್ತಿ ಕಟ್ಟುತ್ತಿದ್ದೆ. ಮನೆಯ ದುಡ್ಡಿಗೆ ಅಂತ ಒಡವೆ ಅಡ ಇಡೋಣ ಅಂತ ಯೋಚನೆ ಬಂದಿತ್ತು, ಬಿಟ್ಟೆವು. ಗೋಲ್ಡ್ ಲೋನ್ ಕೂಡ ರಿಪೋರ್ಟಿಗೆ ಬರುತ್ತದೆ.

2024ರ ಜನವರಿಯಲ್ಲಿ ಸ್ಕೋರ್ 731 ಬಂತು. ಕನಿಷ್ಠ ಇಷ್ಟೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ, ಒಂದೊಂದು ಬ್ಯಾಂಕಿಗೆ ಒಂದೊಂದು ಲೆಕ್ಕ. ಹಾಗಾಗಿ ಈ ಸಲ ಅರ್ಜಿ ಹಾಕುವ ಮೊದಲು ಹೋಗಿ ಮಾತಾಡಿದೆ. ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯ ಮ್ಯಾನೇಜರ್ ಸಮಾಧಾನದಿಂದ ಕೇಳಿದರು. ಹೋಟೆಲ್ ಕೆಲಸದಿಂದ ತೆಗೆದ ಪತ್ರ, ಬಾಕಿ ಇಲ್ಲದ ಪತ್ರ, ಕಟ್ಟಿದ ರಸೀದಿ, ಎರಡು ವರ್ಷದ ಪಾಸ್‌ಬುಕ್, ಮತ್ತೆ 2020ರಲ್ಲಿ ಏನಾಯಿತು ಅಂತ ನಾನೇ ಬರೆದ ಒಂದು ಪುಟ, ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅವರು ಆ ಪುಟವನ್ನು ಎರಡು ಸಲ ಓದಿ, "ಇದನ್ನೂ ಅರ್ಜಿ ಜೊತೆ ಇಡಿ ಸರ್" ಅಂದರು.

ರಿಂಗ್ ರೋಡ್ ಆಚೆ 20×30ರ ಹಳೆ ಮನೆ, ಬೆಲೆ 32 ಲಕ್ಷ. ಖಾಸಗಿ ಶಾಲೆಯಲ್ಲಿ ಟೀಚರ್ ಆಗಿರುವ ಹೆಂಡತಿಯನ್ನು ಜೊತೆ ಅರ್ಜಿದಾರಳಾಗಿ ಸೇರಿಸಿದೆ, ಇಬ್ಬರ ಸಂಬಳ ಕೂಡಿದ್ದಕ್ಕೆ ಲೆಕ್ಕ ಹೊಂದಿತು. 90% ತನಕ ಕೊಡಲು ನಿಯಮದಲ್ಲಿ ಅವಕಾಶ ಇದ್ದರೂ ಅವರು 22 ಲಕ್ಷಕ್ಕೇ ನಿಂತರು. ಉಳಿದ 10 ಲಕ್ಷ, ಜೊತೆಗೆ ಸ್ಟ್ಯಾಂಪ್ ಮತ್ತು ನೋಂದಣಿಗೆ ಆಗ ಸುಮಾರು 6.6%, ಅಂದರೆ ಎರಡು ಲಕ್ಷದ ಮೇಲೆ. ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಪಿಎಫ್ ತೆಗೆದೆ, ಅಮ್ಮ ಊರಿನ ಜಮೀನಿನ ಪಾಲು ಕೊಟ್ಟಳು, ಎರಡು ವರ್ಷ ಕೂಡಿಟ್ಟದ್ದು ಇತ್ತು. ಮೂಲಪತ್ರ, ಇ.ಸಿ. (ಋಣಭಾರ ಪತ್ರ), ಮನೆಯ ಖಾತೆ, ಕಂದಾಯದ ರಸೀದಿ ಎಲ್ಲವನ್ನೂ ಅವರ ವಕೀಲರು ಕೂದಲು ಸೀಳಿದ ಹಾಗೆ ನೋಡಿದರು.

ಬಡ್ಡಿ 10.4%. ಇಪ್ಪತ್ತು ವರ್ಷಕ್ಕೆ ಕಂತು 21,800. ಒಳ್ಳೆ ಸ್ಕೋರ್ ಇದ್ದವರಿಗೆ ಆಗ 8.5% ಆಸುಪಾಸು ಸಿಗುತ್ತಿತ್ತು, ಕಂತು 19,100 ಆಗುತ್ತಿತ್ತು. ಅಂದರೆ ತಿಂಗಳಿಗೆ 2,700 ಜಾಸ್ತಿ. ನೋವಾಯಿತು, ಆದರೂ ಒಪ್ಪಿದೆ. ಯಾಕಂದರೆ ಫ್ಲೋಟಿಂಗ್, ಅಂದರೆ ಆಗಾಗ ಏರಿಳಿಯುವ ಬಡ್ಡಿಯ ಹೋಮ್ ಲೋನನ್ನು ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಅಗ್ರಿಮೆಂಟಿನಲ್ಲಿ ಫ್ಲೋಟಿಂಗ್ ಅಂತಲೇ ಇದೆಯಾ ಅಂತ ಬೆರಳಿಟ್ಟು ಓದಿ ಸಹಿ ಹಾಕಿದೆ.

ಹದಿನೇಳು ತಿಂಗಳು ಒಂದು ದಿನವೂ ತಪ್ಪದೆ ಕಟ್ಟಿದೆ. 2025ರ ಆಗಸ್ಟ್‌ನಲ್ಲಿ ಸ್ಕೋರ್ 768 ಇತ್ತು, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವೂ ಇಳಿದಿತ್ತು. ಒಂದು ಬ್ಯಾಂಕಿಗೆ 8.2%ಗೆ ಸಾಲ ವರ್ಗಾಯಿಸಿಕೊಂಡೆ. ಈಗ ಕಂತು 19 ಸಾವಿರದ ಆಸುಪಾಸು, ಪ್ರತಿ ತಿಂಗಳು 5ನೇ ತಾರೀಖು. ಸಂಬಳ ಬಂದ ದಿನವೇ ಆ ದುಡ್ಡನ್ನು ಬೇರೆ ಖಾತೆಗೆ ಹಾಕಿಡುತ್ತೇನೆ, ಆ ಖಾತೆಯ ಎಟಿಎಂ ಕಾರ್ಡ್ ಹೆಂಡತಿಯ ಹತ್ತಿರ ಇದೆ.