ಮರೆವಿನ ಕಾಯಿಲೆಯ ಗುಳಿಗೆ: ಮನೆಯಲ್ಲಿ ನಿಭಾಯಿಸುವುದು ಹೇಗೆ?

ವಿಜಯಪುರ, ಬಾಗಲಕೋಟೆ ಕಡೆ ಹಿರಿಯರಿರುವ ಮನೆಗಳಲ್ಲಿ ಗುಳಿಗೆಯ ಚೀಲವೊಂದು ಇದ್ದೇ ಇರುತ್ತದೆ. ಬಿಪಿಗೆ ಒಂದು, ಶುಗರಿಗೆ ಎರಡು, ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯವರು ಕೊಟ್ಟದ್ದು ಮತ್ತೊಂದು. ಅಜ್ಜನಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಎಂದು ಗೊತ್ತಾದ ಮೇಲೆ ಇನ್ನೆರಡು ಸೇರುತ್ತವೆ. ಚೀಲಕ್ಕೆ ಹಾಕುವವರು ಬಹಳ ಮಂದಿ, ತೆಗೆಯುವವರು ಯಾರೂ ಇಲ್ಲ.

ಮೊದಲು ಚೀಲ ಸುರುವಿ

ಸಿರಪ್, ಚೂರ್ಣ, ಅರ್ಧ ಮುಗಿದ ಪಟ್ಟಿ, ಎಲ್ಲವನ್ನೂ ಡಾಕ್ಟರ ಮುಂದೆ ಇಡಿ. ಮರೆವು ಹೆಚ್ಚಿಸುವ ಔಷಧಗಳು ಅದರಲ್ಲೇ ಇರಬಹುದು. ನೆಗಡಿ ಗುಳಿಗೆಯ ಕ್ಲೋರ್‌ಫೆನಿರಮೈನ್, ಕೆಲವು ಕೆಮ್ಮಿನ ಸಿರಪ್‌ಗಳ ಡೈಫೆನ್‌ಹೈಡ್ರಮೈನ್, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್, ಕಾಲುರಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕದ ಟ್ರೈಹೆಕ್ಸಿಫೆನಿಡಿಲ್ ಈ ಸಾಲಿನವು. ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ಇವು ತಡೆಯುತ್ತವೆ. ಮರೆವಿಗೆ ಕೊಡುವ ಡೊನೆಪೆಜಿಲ್ ಅದೇ ರಾಸಾಯನಿಕವನ್ನು ಹೆಚ್ಚಿಸಲು ನೋಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ! ಹಾಗಂತ ನೀವೇ ಏನನ್ನೂ ನಿಲ್ಲಿಸಬೇಡಿ. ಯಾವುದು ಬಿಡಬಹುದು ಎಂದು ಕೇಳಿ. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂಬುದನ್ನೂ ಕೇಳಿ. ಈ ಎರಡರ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಮರೆವಿನ ಗುಳಿಗೆ

ಡೊನೆಪೆಜಿಲ್ ಸಾಮಾನ್ಯವಾಗಿ ದಿನಕ್ಕೆ 5 ಮಿ.ಗ್ರಾಂನಿಂದ ಶುರು. ನಾಲ್ಕಾರು ವಾರ ನೋಡಿ 10ಕ್ಕೆ ಏರಿಸುತ್ತಾರೆ. ರಾತ್ರಿ ಕೊಟ್ಟಾಗ ಕೆಟ್ಟ ಕನಸು ಬಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಎಂದು ಕೇಳಿ. ವಾಕರಿಕೆ, ಭೇದಿ ಆಗಬಹುದು. ನಾಡಿ ನಿಧಾನವಾಗಿ ತಲೆ ತಿರುಗುವುದೂ ಉಂಟು. ಬಿಪಿಗೆ ನಾಡಿಯನ್ನೂ ನಿಧಾನ ಮಾಡುವ ಅಟೆನೊಲಾಲ್, ಮೆಟೊಪ್ರೊಲಾಲ್ ನಡೆಯುತ್ತಿದ್ದರೆ ಅದನ್ನು ಮೊದಲೇ ಹೇಳಿ.

ರಿವಾಸ್ಟಿಗ್ಮಿನ್ ಕ್ಯಾಪ್ಸೂಲ್ ಊಟದ ಜೊತೆ ಕೊಡಬೇಕು. ಚರ್ಮಕ್ಕೆ ಅಂಟಿಸುವ ಅದರ ಪಟ್ಟಿಯೂ (ಪ್ಯಾಚ್) ಸಿಗುತ್ತದೆ. 24 ತಾಸಿಗೊಮ್ಮೆ ಹಳೆಯದನ್ನು ಕಿತ್ತು ಹೊಸದನ್ನು ಬೇರೆ ಜಾಗಕ್ಕೆ ಹಚ್ಚಿ. ಕೀಳುವುದನ್ನು ಮರೆತರೆ ಎರಡು ಡೋಸ್ ಒಟ್ಟಿಗೆ ಮೈಸೇರುತ್ತವೆ, ಅದು ಅಪಾಯ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೆ ಪಟ್ಟಿ ಕಿತ್ತು ಬರಬಹುದು. ಬಿಸಿಲಲ್ಲಿ ಬಹಳ ಹೊತ್ತು ಕೂತರೆ ಔಷಧ ಜಾಸ್ತಿ ಒಳಹೋಗಬಹುದು. ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್‌ನಿಂದಲೇ ಮತ್ತೆ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ.

ಕಾಯಿಲೆ ಬಲಿತಾಗ ಮೆಮಾಂಟಿನ್ ಬರೆಯುತ್ತಾರೆ. 5 ಮಿ.ಗ್ರಾಂನಿಂದ ವಾರ ವಾರ ಏರಿಸಿ 20ಕ್ಕೆ ಒಯ್ಯುವುದು ರೂಢಿ. ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಕಡಿಮೆ.

ಈ ಯಾವುದೂ ಕಾಯಿಲೆ ವಾಸಿ ಮಾಡುವುದಿಲ್ಲ. ಕೆಲವರಿಗೆ ಒಂದಷ್ಟು ಕಾಲ ನಿತ್ಯದ ಬದುಕು ಹಗುರವಾಗುತ್ತದೆ, ಅಷ್ಟೇ. ಈ ಮಾತನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು ಅನ್ನಿಸುತ್ತದೆ.

ಒಬ್ಬರೇ ಗುಳಿಗೆ ಕೊಡಿ, ನುಂಗಿದ್ದನ್ನು ನೋಡಿ, ಡಬ್ಬಿಗೆ ಬೀಗ ಹಾಕಿ. ಮಜ್ಜಿಗೆಯಲ್ಲಿ ಅರೆದು ಕೊಡುವ ಮುನ್ನ ಕೇಳಿ. ಎಸ್‌ಆರ್, ಎಕ್ಸ್‌ಆರ್ ಎಂದು ಬರೆದ, ಔಷಧವನ್ನು ನಿಧಾನವಾಗಿ ಬಿಡುವ ಗುಳಿಗೆಗಳನ್ನು ಅರೆಯಬಾರದು.

ರಾತ್ರಿ ಗಲಾಟೆ ಶುರುವಾದರೆ

ಮನೆಯವರು ಸೋಲುವುದು ಇಲ್ಲೇ. ಆಯಿ ರಾತ್ರಿಯಿಡೀ ಬಾಗಿಲು ಬಡಿಯುತ್ತಾಳೆ, ಸೊಸೆ ಬಂಗಾರ ಕದ್ದಳು ಅನ್ನುತ್ತಾಳೆ. ನಿದ್ದೆಗೆಟ್ಟ ಮಗ ‘ನಿದ್ದಿ ಗುಳಿಗಿ ಒಂದು ಬರ್ದು ಕೊಡ್ರೀ ಸರ’ ಅನ್ನದೆ ಇನ್ನೇನು ಮಾಡಿಯಾನು?

ಆದರೆ ಒಂದೆರಡು ದಿನದಲ್ಲಿ ದಿಢೀರನೆ ಬದಲಾದರೆ ಮೊದಲು ಮೈ ನೋಡಿ. ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ನೀರು ಕಡಿಮೆಯಾಗಿ ಸೋಡಿಯಂ ಏರುಪೇರಾಗುವುದು, ಹೊಸದಾಗಿ ಸೇರಿದ ಗುಳಿಗೆ, ಇವೆಲ್ಲ ಕಾರಣವಾಗಬಹುದು. ಅಂಥ ಹೊತ್ತಲ್ಲಿ ನಿದ್ದೆ ಗುಳಿಗೆ ಕೊಟ್ಟರೆ ಕಾರಣ ಮುಚ್ಚಿಹೋಗುತ್ತದೆ. ಅಲ್ಪ್ರಾಜೊಲಾಮ್‌ನಂಥವು ಗಲಿಬಿಲಿ ಹೆಚ್ಚಿಸುತ್ತವೆ, ರಾತ್ರಿ ಎದ್ದಾಗ ಬೀಳಿಸುತ್ತವೆ. ಚೀಟಿ ಇಲ್ಲದೆ ಅಂಗಡಿಯಿಂದ ತರಲೇಬೇಡಿ.

ಮನಸ್ಸು ಕುಗ್ಗಿದ್ದರೆ ಸರ್ಟ್ರಾಲಿನ್‌ನಂಥದ್ದನ್ನು ಬರೆಯಬಹುದು. ಹೊಡೆಯುವುದು, ಇಲ್ಲದ್ದನ್ನು ಕಂಡು ಹೆದರುವುದು ಮಿತಿಮೀರಿದಾಗ ರಿಸ್ಪೆರಿಡೋನ್, ಕ್ವೆಟಿಯಾಪಿನ್ ಬರುತ್ತವೆ. 2005ರಲ್ಲಿ ಅಮೆರಿಕದ ಔಷಧ ಇಲಾಖೆ ಇಂಥ ಗುಳಿಗೆಗಳ ಬಗ್ಗೆ ಎಚ್ಚರಿಸಿತು. ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸುಮಾರು 10 ವಾರದ ಪ್ರಯೋಗಗಳಲ್ಲಿ ಗುಳಿಗೆ ತೆಗೆದುಕೊಂಡವರ ಸಾವು ಸುಮಾರು ಶೇ 4.5, ಹೋಲಿಕೆಗೆಂದು ಕೊಟ್ಟ, ಔಷಧವಿಲ್ಲದ ಸುಳ್ಳು ಗುಳಿಗೆ ತೆಗೆದುಕೊಂಡವರದು ಶೇ 2.6 ಇತ್ತು. ಕೊಡಲೇಬಾರದು ಅಂತಲ್ಲ, ಸುಮ್ನೆ ಕೊಡಬಾರದು. ಬರೆದಾಗ ಕೇಳಿ: ಯಾವ ತೊಂದರೆಗೆ, ಎಷ್ಟು ವಾರ, ಯಾವಾಗ ಇಳಿಸುತ್ತೀರಿ? ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಇದ್ದರೆ ಇದೇ ಸಾಲಿನ ಹ್ಯಾಲೊಪೆರಿಡಾಲ್‌ನಂಥವು ಮೈ ಸೆಟೆಸಿ ಜೀವಕ್ಕೇ ಕುತ್ತು ತರಬಹುದು. ಮನುಷ್ಯರು, ಪ್ರಾಣಿಗಳು ಕಾಣುತ್ತವೆ ಅನ್ನುವುದು, ನಡುಕ, ಹಗಲಿಂದ ಹಗಲಿಗೆ ಬದಲಾಗುವ ಎಚ್ಚರ, ಇವು ಇದ್ದರೆ ತಪ್ಪದೆ ಹೇಳಿ.

ಎಲ್ಲಿ ಕೇಳುವುದು?

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹೋಗುವ ಮುನ್ನ ಫೋನಿನಲ್ಲಿ ವಿಚಾರಿಸಿ. ಬೆಳಗಾವಿ ಕಡೆಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಜ್ಞೆ ತಪ್ಪಿದರೆ, ಜ್ವರದ ಜೊತೆ ಮೈ ಕಟ್ಟಿಗೆಯಂತಾದರೆ, ನುಂಗಲು ಆಗದಿದ್ದರೆ ಮಂಗಳವಾರಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.